ಮುಖ ಕಾಣದಿದ್ದರೂ ಸರಿ, ಮಾತು ಕೇಳಲಿ

– ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿ

ಆನ್‌ಲೈನ್ ವಿಚಾರ ಸಂಕಿರಣದ ಆಹ್ವಾನ ವಾಟ್ಸ್‌ಆ್ಯಪ್ ಗುಂಪಿಗೆ ಬಂತೆಂದರೆ ನಮ್ಮ ತರಗತಿಯಲ್ಲಿ ಮೊದಲು ಏಳುವ ಪ್ರಶ್ನೆ "ಯಾರು ಮಾತಾಡ್ತಾರ?" ಎಂಬುದಲ್ಲ, "ವಿಷಯ ಏನು?" ಎಂಬುದೂ ಅಲ್ಲ. "ಕ್ಯಾಮೆರಾ ಹಚ್ಚಬೇಕಾ?", "ಎಷ್ಟೊತ್ತು ನಡೀತದ?" – ಇವೆರಡೇ. ಓದುವ ಮಕ್ಕಳ ಬಾಯಲ್ಲಿ ಇಂಥ ಪ್ರಶ್ನೆ ಬರಬಾರದು, ಇದು ಸೋಮಾರಿತನ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಂಕಿರಣ ಗೆಲ್ಲುತ್ತದೋ ಸೋಲುತ್ತದೋ ಎಂಬುದು ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳ ಉತ್ತರದಲ್ಲೇ ಇದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕೂ ಕಡೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಆನ್‌ಲೈನ್ ಸಂಕಿರಣಗಳ ಸರಣಿ ನಡೆಸಬೇಕೆಂಬ ಆಲೋಚನೆ ನಮ್ಮ ಕಾಲೇಜಿನಲ್ಲಿ ನಡೆದಿದೆ. ಅದರ ಜೊತೆಗೇ "ಕ್ಯಾಮೆರಾ ತೆರೆದವರಿಗೆ ಮಾತ್ರ ಹಾಜರಾತಿ" ಎಂಬ ಸಲಹೆಯೂ ಕೇಳಿಬಂದಿದೆ. ಸರಣಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆ ಸಲಹೆಯನ್ನು ಮಾತ್ರ ದಯವಿಟ್ಟು ಕೈಬಿಡಿ ಎಂದು ಕೇಳಿಕೊಳ್ಳುತ್ತೇನೆ. ಬೇಡವೆಂದು ಹೇಳಿ ಸುಮ್ಮನಾಗದೆ, ಅದರ ಬದಲು ಏನು ಮಾಡಬಹುದು ಎಂಬುದನ್ನೂ ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಆನ್‌ಲೈನ್ ಯಾರಿಗಾಗಿ?

ಕೊರೊನಾ ಕಾಲ ಮುಗಿಯಿತಲ್ಲ, ಇನ್ನೂ ಆನ್‌ಲೈನ್ ಯಾಕೆ ಎಂದು ಕೆಲವರು ಕೇಳುತ್ತಾರೆ. ಕಾರಣ ಸರಳ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಇರುವ ಪ್ರಾಧ್ಯಾಪಕರು ಒಂದು ಗಂಟೆಯ ಉಪನ್ಯಾಸಕ್ಕಾಗಿ ಮುದ್ದೇಬಿಹಾಳದವರೆಗೆ ಬಂದು ಹೋಗಲು ಒಂದೆರಡು ದಿನ ಕಳೆಯಬೇಕು. ಅವರು ಬಂದರೂ, ರಜೆಯ ದಿನ ಹಳ್ಳಿಯಿಂದ ಪೇಟೆಗೆ ಹೋಗಬೇಕೆಂದರೆ ನಮ್ಮಲ್ಲಿ ಎಷ್ಟೋ ಹುಡುಗಿಯರಿಗೆ ಜೊತೆಗೆ ಅಬ್ಬಾ ಬೇಕು, ಇಲ್ಲವೇ ಅಣ್ಣ ಬೇಕು. ಅವರಿಗೆ ಅಂದಿನ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಹಾಗಾಗಿ ಆನ್‌ಲೈನ್ ಎಂಬುದು ಪೇಟೆಯಲ್ಲಿದ್ದವರಿಗೆ ಒಂದು ಅನುಕೂಲವಾದರೆ, ಹಳ್ಳಿಯಲ್ಲಿದ್ದವರಿಗೆ ಇರುವ ಒಂದೇ ಬಾಗಿಲು.

ಹಾಗಿದ್ದ ಮೇಲೆ ಆ ಬಾಗಿಲಿನ ಎತ್ತರವನ್ನು ಯಾರ ಅಳತೆಗೆ ಇಡಬೇಕು? ವೈಫೈ, ಲ್ಯಾಪ್‌ಟಾಪ್, ತನ್ನದೇ ಕೋಣೆ ಇರುವವರು ಹೇಗೆ ನಡೆಸಿದರೂ ಒಳಗೆ ಬರುತ್ತಾರೆ. ಮನೆಗೆಲ್ಲ ಒಂದೇ ಫೋನು, ಹಿಂದೆ ಕುಕ್ಕರ್ ಸೀಟಿ, ಪಕ್ಕದಲ್ಲಿ ಅಳುವ ತಮ್ಮ – ಹೀಗಿರುವವಳಿಗೆ ಅನುಕೂಲವಾಗುವಂತೆ ಸಂಕಿರಣ ರೂಪಿಸಿದರೆ ಉಳಿದವರೆಲ್ಲರಿಗೂ ತಾನಾಗಿಯೇ ಅನುಕೂಲವಾಗುತ್ತದೆ. ಇದನ್ನು ತಿರುಗಿಸಿ ಮಾಡಿದರೆ ಆಗುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕಾದುದರ ಸಾರ ಇಷ್ಟೇ. ಮುಂದಿನದೆಲ್ಲ ಅದರ ವಿವರ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಾವೆಲ್ಲ ಇನ್ನೂ ಶಾಲೆಯಲ್ಲಿದ್ದೆವು. ಆ ವರ್ಷದ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು; ಶಿಕ್ಷಕರು ಓಣಿಗೆ ಬಂದು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಹೇಳಿದರು. ಇವೆರಡೂ ಯಾಕೆ ಬೇಕಾದವು? ಆನ್‌ಲೈನ್ ಪಾಠವೊಂದೇ ಎಲ್ಲ ಮಕ್ಕಳನ್ನು ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟರಲ್ಲಿ, ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇ 14.9ರಷ್ಟರಲ್ಲಿ ಮಾತ್ರ. ಆಮೇಲೆ ಪರಿಸ್ಥಿತಿ ಸುಧಾರಿಸಿದೆ, ನಿಜ. ಆದರೆ ಮನೆಗೆ ಫೋನು ಬಂದ ಮಾತ್ರಕ್ಕೆ ಅದು ಮಗಳ ಕೈಗೆ ಬಂತೆಂದು ಅರ್ಥವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ಪುರುಷರು ಶೇ 57.1, ಮಹಿಳೆಯರು ಶೇ 33.3. ನಮ್ಮ ಸಂಕಿರಣದ ಲಿಂಕ್ ಹೋಗುವುದು ಇಂಥ ಮನೆಗಳಿಗೆ.

ಡೇಟಾದ ಲೆಕ್ಕ

ಕ್ಯಾಮೆರಾ ಕಡ್ಡಾಯ ಎನ್ನುವ ಮೊದಲು ಒಂದು ಸಣ್ಣ ಗಣಿತ ಮಾಡೋಣ. ಝೂಮ್ ಕಂಪನಿಯೇ ಕೊಟ್ಟಿರುವ ಅಂದಾಜಿನಂತೆ, ಬರೀ ಧ್ವನಿಗೆ ಸೆಕೆಂಡಿಗೆ 60ರಿಂದ 80 ಕಿಲೊಬಿಟ್ ಸಾಕು. ಒಳ್ಳೆಯ ಗುಣಮಟ್ಟದ ಗುಂಪು ವಿಡಿಯೊಗೆ ನಮ್ಮ ಚಿತ್ರ ಕಳಿಸಲು ಸುಮಾರು 1 ಮೆಗಾಬಿಟ್, ಬೇರೆಯವರ ಚಿತ್ರ ಪಡೆಯಲು ಸುಮಾರು 600 ಕಿಲೊಬಿಟ್ ಬೇಕು. ಎಂಟು ಬಿಟ್‌ಗೆ ಒಂದು ಬೈಟ್, ಗಂಟೆಗೆ 3,600 ಸೆಕೆಂಡ್ ಎಂದು ಗುಣಿಸಿ ಭಾಗಿಸಿದರೆ, ಧ್ವನಿಗೆ ಗಂಟೆಗೆ ಹೆಚ್ಚೆಂದರೆ 36 ಎಂಬಿ ಖರ್ಚು. ಕ್ಯಾಮೆರಾ ತೆರೆದು ವಿಡಿಯೊ ನೋಡುತ್ತ ಕುಳಿತರೆ ಕಳಿಸಲು 450, ಪಡೆಯಲು 270, ಒಟ್ಟು 720 ಎಂಬಿ.

ಎರಡು ಗಂಟೆಯ ಸಂಕಿರಣವೆಂದರೆ 1,440 ಎಂಬಿ. ದಿನಕ್ಕೆ 1.5 ಜಿಬಿ ಇರುವ ಪ್ಯಾಕ್ ಅಲ್ಲಿಗೇ ಖಾಲಿ. ಮನೆಗೆಲ್ಲ ಒಂದೇ ಫೋನಾದರೆ ಅಂದು ಅಣ್ಣನ ಕೆಲಸದ ಅರ್ಜಿಯೂ ಇಲ್ಲ, ದುಬೈನಲ್ಲಿರುವ ಮಾಮನ ವಿಡಿಯೊ ಕಾಲೂ ಇಲ್ಲ. ಅದೇ ಎರಡು ಗಂಟೆಯನ್ನು ಬರೀ ಕೇಳಿದರೆ 72 ಎಂಬಿ. ಇಪ್ಪತ್ತು ಪಟ್ಟು ಅಂತರ! ನೆಟ್‌ವರ್ಕ್ ಕಡಿಮೆಯಾದಾಗ ಆ್ಯಪ್‌ಗಳು ತಾವೇ ಚಿತ್ರದ ಗುಣಮಟ್ಟ ಇಳಿಸಿ ಇಷ್ಟು ಖರ್ಚಾಗದಂತೆ ನೋಡಿಕೊಳ್ಳುತ್ತವೆ, ಒಪ್ಪುತ್ತೇನೆ. ಆದರೆ ನೆಟ್‌ವರ್ಕ್ ಅಷ್ಟು ಕಡಿಮೆಯಾದಾಗ ಚಿತ್ರದ ಜೊತೆ ಮಾತೂ ತುಂಡು ತುಂಡಾಗುತ್ತದೆ. ಮುಖ ತೋರಿಸಲು ಹೋಗಿ ಮಾತು ಕಳೆದುಕೊಂಡ ಹಾಗೆ.

ಕ್ಯಾಮೆರಾ ಮತ್ತು ಮರ್ಯಾದೆ

ಡೇಟಾ ಧಾರಾಳ ಇದ್ದವರಿಗೂ ಕ್ಯಾಮೆರಾ ಭಾರವೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ ಅವರು 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿಡಿಯೊ ಸಭೆಗಳ ದಣಿವಿಗೆ ನಾಲ್ಕು ಕಾರಣ ಕೊಟ್ಟಿದ್ದಾರೆ. ಎಲ್ಲರ ಕಣ್ಣೂ ಹತ್ತಿರದಿಂದ ನಮ್ಮನ್ನೇ ದಿಟ್ಟಿಸಿದಂತಿರುವುದು ಒಂದು. ನಮ್ಮ ಮುಖವನ್ನು ನಾವೇ ಗಂಟೆಗಟ್ಟಲೆ ನೋಡುತ್ತಿರಬೇಕಾದುದು ಎರಡು. ಚೌಕಟ್ಟು ಬಿಟ್ಟು ಅಲ್ಲಾಡುವಂತಿಲ್ಲ ಎಂಬುದು ಮೂರು. ತಲೆಯಾಡಿಸಿ, ಮುಖಭಾವ ತೋರಿಸಿ, ನಾನು ಕೇಳುತ್ತಿದ್ದೇನೆ ಎಂದು ಸಾಬೀತುಪಡಿಸುತ್ತಲೇ ಇರಬೇಕಾದ ಶ್ರಮ ನಾಲ್ಕು. ಅದೇ ವಿಶ್ವವಿದ್ಯಾಲಯದ ಸಂಶೋಧಕರು ಆ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದಾಗ, ವಿಡಿಯೊ ಸಭೆಯಿಂದ ವಿಪರೀತ ದಣಿವಾಗುತ್ತದೆ ಎಂದ ಮಹಿಳೆಯರು ಶೇ 13.8, ಪುರುಷರು ಶೇ 5.5. ತನ್ನ ಮುಖ ತನಗೆ ಸದಾ ಕಾಣುತ್ತಿರುವುದರಿಂದ ಆಗುವ ತಳಮಳವೇ ಈ ವ್ಯತ್ಯಾಸದ ಮುಖ್ಯ ಕಾರಣ ಎಂದು ಅವರು ಹೇಳಿದರು. ಇದು ಎಲ್ಲ ಸೌಲಭ್ಯವಿರುವ ದೇಶದ ಮಾತು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಹೆಗಲು ಸೇರುತ್ತದೆ. ಕ್ಯಾಮೆರಾ ತೆರೆದರೆ ನಾನೊಬ್ಬಳೇ ಕಾಣುವುದಿಲ್ಲ, ನನ್ನ ಮನೆ ಕಾಣುತ್ತದೆ. ಅಂಗಳದಲ್ಲಿ ಓಡಾಡುವ ಅಮ್ಮಿ ಕಾಣುತ್ತಾರೆ, ಬಾಣಂತನಕ್ಕೆ ಬಂದ ಅಕ್ಕ ಕಾಣುತ್ತಾಳೆ. ಗಿಲಾಯಿ ಮಾಡದ ಗೋಡೆ, ಮೂಲೆಯ ಜೋಳದ ಚೀಲ ಕಾಣುತ್ತವೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಯಾರಿಗೆ ಮನೆ ತೋರಿಸಬೇಕು ಎಂದು ತೀರ್ಮಾನಿಸುವ ಹಕ್ಕು ಮನೆಯವರದು. ಜೊತೆಗೆ ಸ್ಕ್ರೀನ್‌ಶಾಟ್‌ನ ಭಯ. ಯಾರೋ ಒಬ್ಬ ಫೋಟೊ ತೆಗೆದು ಇನ್ನೆಲ್ಲೋ ಹಾಕಿದರೆ ಮರುದಿನದಿಂದ ಕಾಲೇಜೇ ಬಂದ್ ಆಗಬಹುದು, ಆ ಹುಡುಗಿಗೆ. ಬುರ್ಕಾ ಹಾಕುವವಳಿಗೂ ಸೆರಗು ಹೊದ್ದವಳ ಮಗಳಿಗೂ ಈ ಭಯ ಒಂದೇ. ಒಂದು ಹಾಜರಾತಿಗಾಗಿ ಇಡೀ ಓದನ್ನು ಪಣಕ್ಕಿಡು ಎಂದು ಯಾರಿಗೂ ಹೇಳಬಾರದು.

ಈ ಎಚ್ಚರಿಕೆ ಹುಡುಗಿಯರ ಕಲ್ಪನೆಯಲ್ಲ. ಕೇಂದ್ರ ಗೃಹ ಸಚಿವಾಲಯವೇ 2020ರ ಏಪ್ರಿಲ್‌ನಲ್ಲಿ ಝೂಮ್ ಬಳಕೆಯ ಬಗ್ಗೆ ಸೂಚನೆ ಹೊರಡಿಸಿತ್ತು. ಪ್ರತಿ ಸಭೆಗೂ ಹೊಸ ಐಡಿ ಮತ್ತು ಪಾಸ್‌ವರ್ಡ್ ಇರಲಿ, ಬಂದವರನ್ನು ಕಾಯುವ ಕೋಣೆಯಲ್ಲಿ ನಿಲ್ಲಿಸಿ ಗುರುತಿಸಿದ ಮೇಲೆ ಒಳಗೆ ಬಿಡಿ, ಪರದೆ ಹಂಚಿಕೊಳ್ಳುವ ಅವಕಾಶ ಸಭೆ ನಡೆಸುವವರಿಗೆ ಮಾತ್ರ ಇರಲಿ, ಎಲ್ಲರೂ ಬಂದ ಮೇಲೆ ಸಭೆಗೆ ಬೀಗ ಹಾಕಿ ಎಂದೆಲ್ಲ ಅದರಲ್ಲಿತ್ತು. ಇವುಗಳಿಗೆ ಒಂದು ಪೈಸೆ ಖರ್ಚಿಲ್ಲ. ಲಿಂಕನ್ನು ಎಲ್ಲ ಗುಂಪುಗಳಿಗೂ ಫಾರ್ವರ್ಡ್ ಮಾಡಿ "ಹೆಚ್ಚು ಜನ ಬರಲಿ" ಎನ್ನುವುದಕ್ಕಿಂತ, ಬಂದವರು ಯಾರೆಂದು ಗೊತ್ತಿರುವ ಸಭೆಯಲ್ಲಿ ಹುಡುಗಿಯರು ಧೈರ್ಯವಾಗಿ ಬಾಯಿ ಬಿಡುತ್ತಾರೆ.

"ಕ್ಯಾಮೆರಾ ಮುಚ್ಚಿಕೊಂಡು ಮಲಗಿದರೆ?" ಎಂಬುದು ನಮ್ಮ ಉಪನ್ಯಾಸಕರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಖಾಲಿ ಕಪ್ಪು ಚೌಕಗಳ ಮುಂದೆ ಒಂದು ಗಂಟೆ ಮಾತಾಡುವುದು ಎಷ್ಟು ಕಷ್ಟ ಎಂಬುದನ್ನು ನಾವೂ ಅರ್ಥ ಮಾಡಿಕೊಳ್ಳಬೇಕು. ಆದರೆ ಕ್ಯಾಮೆರಾ ತೋರಿಸುವುದು ಮುಖವನ್ನು, ಗಮನವನ್ನಲ್ಲ. ತರಗತಿಯ ಮೊದಲ ಬೆಂಚಿನಲ್ಲಿ ಕುಳಿತು ಕಣ್ಣು ತೆರೆದೇ ಊರೆಲ್ಲ ಸುತ್ತಿ ಬರುವವರನ್ನು ಸರ್ ಅವರೂ ಕಂಡಿದ್ದಾರೆ, ನಾವೂ ಕಂಡಿದ್ದೇವೆ. ಗಮನ ಅಳೆಯಬೇಕೆಂದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಪ್ರಶ್ನೆ ಕೇಳಲಿ. ಉತ್ತರವನ್ನು ಚಾಟ್‌ನಲ್ಲಿ ಒಂದೇ ಪದದಲ್ಲಿ ಬರೆಯಲಿ. ಮುಗಿದ ಮೇಲೆ "ಇಂದು ಕೇಳಿದ್ದರಲ್ಲಿ ಹೊಸದು ಯಾವುದು?" ಎಂದು ಐದು ಸಾಲು ಬರೆಸಲಿ. ಆ ಐದು ಸಾಲೇ ಹಾಜರಾತಿಯಾಗಲಿ. ನಾವು ವಿದ್ಯಾರ್ಥಿಗಳೂ ನಮ್ಮ ಪಾಲಿನದನ್ನು ಮಾಡಬೇಕು. ಕ್ಯಾಮೆರಾ ಬೇಡ ಎನ್ನುವವರು ಪ್ರಶ್ನೆಗೆ ಉತ್ತರವನ್ನಾದರೂ ಕೊಡಬೇಕು. ಆಗ ಆ ಕಪ್ಪು ಚೌಕಗಳಿಗೆ ಜೀವ ಬರುತ್ತದೆ.

ಗೋಳಗುಮ್ಮಟದ ಪಾಠ

ಮುಖ ಬಿಟ್ಟು ಮಾತನ್ನು ನೆಚ್ಚಿಕೊಂಡ ಮೇಲೆ ಮಾತು ಚೊಕ್ಕವಾಗಿ ಕೇಳಬೇಕು. ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹೋಗಿ ಬಂದವರಿಗೆ ಗೊತ್ತು: ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಬದಿಯವರಿಗೆ ಸ್ಪಷ್ಟವಾಗಿ ಕೇಳುತ್ತದೆ, ಆದರೆ ನೂರು ಜನ ಒಮ್ಮೆಲೇ ಕೂಗಿದರೆ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಆನ್‌ಲೈನ್ ಸಭೆಯೂ ಹಾಗೆಯೇ. ಒಂದೇ ಕೋಣೆಯಲ್ಲಿ ಎರಡು ಫೋನಿನ ಮೈಕ್ ತೆರೆದಿದ್ದರೆ ಒಂದರ ದನಿ ಇನ್ನೊಂದಕ್ಕೆ ಹೋಗಿ ಸುತ್ತುತ್ತಲೇ ಇರುತ್ತದೆ. ಬಂದವರೆಲ್ಲರ ಮೈಕ್ ಮೊದಲೇ ಮುಚ್ಚಿರುವಂತೆ ವ್ಯವಸ್ಥೆ ಮಾಡಲು ಸಭೆ ನಡೆಸುವವರಿಗೆ ಒಂದು ಗುಂಡಿ ಸಾಕು. ಅದನ್ನು ನೋಡಿಕೊಳ್ಳಲು ಒಬ್ಬ ವಿದ್ಯಾರ್ಥಿಯನ್ನು ನೇಮಿಸಿದರೆ, ಉಪನ್ಯಾಸದ ನಡುವೆ "ಯಾರೋ ಮ್ಯೂಟ್ ಮಾಡ್ರಿ" ಎಂದು ಹತ್ತು ಸಲ ಕೂಗುವುದು ತಪ್ಪುತ್ತದೆ.

ಉಪನ್ಯಾಸ ಕೊಡುವವರಿಗೆ ಒಂದು ವಿನಂತಿ. ದಯವಿಟ್ಟು ಆಕಾಶವಾಣಿಯಲ್ಲಿ ಮಾತಾಡುವವರಂತೆ ಮಾತಾಡಿ. ರೇಡಿಯೊದವರು "ಇಲ್ಲಿ ನೋಡಿ", "ಈ ಚಿತ್ರದಲ್ಲಿರುವಂತೆ" ಎನ್ನುವುದಿಲ್ಲ. ನೋಡಬೇಕಾದುದನ್ನು ಮಾತಿನಲ್ಲೇ ಕಟ್ಟಿಕೊಡುತ್ತಾರೆ. ಸಂಖ್ಯೆಗಳನ್ನು ಎರಡು ಸಲ ಹೇಳುತ್ತಾರೆ. ಫೋನಿನ ಅಂಗೈಯಗಲದ ಪರದೆಯಲ್ಲಿ, ಇಪ್ಪತ್ತು ಸಾಲು ತುಂಬಿದ ಸ್ಲೈಡ್ ಇರುವೆ ಸಾಲಿನಂತೆ ಕಾಣುತ್ತದೆ. ಸ್ಲೈಡ್ ಬೇಕೇ ಬೇಕೆಂದರೆ ದೊಡ್ಡ ಅಕ್ಷರದಲ್ಲಿ ನಾಲ್ಕೈದು ಸಾಲು ಇರಲಿ. ಅದನ್ನು ಹಿಂದಿನ ದಿನವೇ ಗುಂಪಿಗೆ ಕಳಿಸಿದರೆ ಇನ್ನೂ ಒಳ್ಳೆಯದು. ಕೇಳುತ್ತಲೇ ತೆರೆದು ನೋಡಿಕೊಳ್ಳಬಹುದು.

ಉದ್ಘಾಟನೆಗೇ ಮುಗಿಯುವ ಸಭೆ

ಝೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ತಾನಾಗಿಯೇ ಮುಗಿಯುತ್ತದೆ. ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ. ನಮ್ಮ ಕಾರ್ಯಕ್ರಮಗಳ ಕ್ರಮವೇನು? ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ, ಉದ್ಘಾಟನೆ, ಗಣ್ಯರ ನಾಲ್ಕು ಮಾತು. ಅತಿಥಿಗಳು ಗಂಟಲು ಸರಿಮಾಡಿಕೊಂಡು "ಎಲ್ಲರಿಗೂ ನಮಸ್ಕಾರ" ಎನ್ನುವ ಹೊತ್ತಿಗೆ ಕೊಂಡಿ ಕಳಚುತ್ತದೆ. ಹೀಗಾದ ಒಂದು ವೆಬಿನಾರ್‌ನಲ್ಲಿ ನಾನೂ ಇದ್ದೆ. ಮತ್ತೊಂದು ಲಿಂಕ್ ಬಂತು, ಆದರೆ ಅರ್ಧದಷ್ಟು ಜನ ಮರಳಿ ಬರಲೇ ಇಲ್ಲ.

ಹಣ ಕೊಟ್ಟು ಖಾತೆ ಪಡೆದರೆ ಈ ತೊಂದರೆ ಇಲ್ಲ. ಆದರೂ 40 ನಿಮಿಷವೆಂಬುದು ನಮ್ಮ ಪಾಲಿಗೆ ಒಳ್ಳೆಯ ಗಡಿಯೇ. 2020ರ ಜುಲೈ 14ರಂದು ಕೇಂದ್ರ ಸರ್ಕಾರ ಹೊರತಂದ 'ಪ್ರಗ್ಯಾತಾ' ಮಾರ್ಗಸೂಚಿಯಲ್ಲಿ 9ರಿಂದ 12ನೇ ತರಗತಿಯವರಿಗೆ ಒಂದು ಆನ್‌ಲೈನ್ ಅವಧಿ 30ರಿಂದ 45 ನಿಮಿಷ, ದಿನಕ್ಕೆ ಹೆಚ್ಚೆಂದರೆ ನಾಲ್ಕು ಅವಧಿ ಎಂದಿತ್ತು. ಪಿಯುಸಿ ಎಂದರೆ 11 ಮತ್ತು 12ನೇ ತರಗತಿ; ಅಂದರೆ ಇದು ನಮಗೇ ಹೇಳಿದ ಮಾತು. ಮೂರು ಗಂಟೆ ಬಿಡುವಿಲ್ಲದೆ ನಡೆಯುವ ಸಂಕಿರಣಕ್ಕಿಂತ ಎರಡು ಭಾನುವಾರ ನಲವತ್ತು ನಲವತ್ತು ನಿಮಿಷ ನಡೆಯುವ ಸಂಕಿರಣ ಮನಸ್ಸಿನಲ್ಲಿ ಉಳಿಯುತ್ತದೆ. ಸ್ವಾಗತಕ್ಕೆ ಎರಡು ನಿಮಿಷ, ಪರಿಚಯಕ್ಕೆ ಒಂದು ನಿಮಿಷ, ಉಪನ್ಯಾಸಕ್ಕೆ ಇಪ್ಪತ್ತು, ಪ್ರಶ್ನೋತ್ತರಕ್ಕೆ ಹದಿನೈದು, ವಂದನೆಗೆ ಎರಡು. ಅತಿಥಿಗಳ ಪೂರ್ತಿ ಪರಿಚಯವನ್ನು ಆಹ್ವಾನದಲ್ಲೇ ಅಚ್ಚು ಹಾಕಿದರೆ ಯಾರ ಗೌರವಕ್ಕೂ ಕುಂದಾಗದು.

ವೇಳೆಯ ಆಯ್ಕೆಯೂ ಅಷ್ಟೇ ಮುಖ್ಯ. ಶುಕ್ರವಾರ ಜುಮಾ ಹೊತ್ತಿನಲ್ಲಿ, ರಂಜಾನಿನಲ್ಲಿ ಇಫ್ತಾರಿಗೆ ಮೊದಲಿನ ಗಂಟೆಯಲ್ಲಿ ಸಭೆ ಇಡಬಾರದು ಎಂದು ನಮ್ಮ ಕಾಲೇಜಿಗೆ ಹೇಳಿಕೊಡಬೇಕಿಲ್ಲ. ಅದೇ ರೀತಿ ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೋದವರು, ತೊಗರಿ ರಾಶಿಯ ದಿನಗಳಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರುವವರು ಲಿಂಕ್ ಒತ್ತುವುದು ಹೇಗೆ? ಬೆಳಗಿನ ಹನ್ನೊಂದು ಗಂಟೆ ಕಚೇರಿಗೆ ಅನುಕೂಲ. ಆದರೆ ಆಗ ಫೋನು ಅಬ್ಬಾನ ಜೇಬಿನಲ್ಲಿ ಸಂತೆಗೋ ಕೆಲಸಕ್ಕೋ ಹೋಗಿರುತ್ತದೆ. ಸಂಜೆ ಆರರಿಂದ ಎಂಟು ಹುಡುಗಿಯರ ಕೈ ಒಲೆಯ ಮುಂದೆ, ರೊಟ್ಟಿಯ ಮುಂದೆ. ದಿನ ನಿಗದಿ ಮಾಡುವ ಮೊದಲು ಗುಂಪಿನಲ್ಲಿ ಮೂರು ವೇಳೆ ಕೊಟ್ಟು "ಯಾವುದು ಅನುಕೂಲ?" ಎಂದು ಕೇಳಿದರೆ ಸಾಕು. ಕೇಳಿದರು ಎಂಬುದೇ ಅರ್ಧ ಆಹ್ವಾನ.

ಹರದೇಸಿ–ನಾಗೇಸಿಯ ಹಾಗೆ

ಇಷ್ಟು ಮಾಡಿದರೆ ಸಂಕಿರಣ ಕಷ್ಟವಿಲ್ಲದ್ದಾಗುತ್ತದೆ. ಇಷ್ಟವಾಗಬೇಕಾದರೆ ಇನ್ನೂ ಒಂದು ಬೇಕು. ನಮ್ಮ ಹಳ್ಳಿಗಳಲ್ಲಿ ಹರದೇಸಿ–ನಾಗೇಸಿ ಹಾಡಿಕೆ ನಡೆದರೆ ಜನ ಬೆಳಕು ಹರಿಯುವ ತನಕ ಕೂಡುತ್ತಾರೆ. ಮೆತ್ತನೆಯ ಕುರ್ಚಿ ಇರುವುದಿಲ್ಲ. ಆದರೂ ಯಾಕೆ ಏಳುವುದಿಲ್ಲ? ಒಂದು ಮೇಳ ಸವಾಲು ಹಾಕುತ್ತದೆ, ಇನ್ನೊಂದು ಜವಾಬು ಕೊಡಬೇಕು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ಹಾಡಿನಲ್ಲೇ ಏರುತ್ತದೆ. ಮುಂದಿನ ಜವಾಬು ಏನಿರಬಹುದು ಎಂದು ಕೇಳುವವರ ತಲೆಯೂ ಓಡುತ್ತಿರುತ್ತದೆ. ಅಲ್ಲಿ ಕೇಳುಗ ಸುಮ್ಮನೆ ಕುಳಿತಿರುವುದಿಲ್ಲ.

ನಮ್ಮ ಸಂಕಿರಣಕ್ಕೆ ಈ ಗುಣ ಬರಲಿ. ಒಬ್ಬರೇ ಒಂದು ಗಂಟೆ ಓದುವ ಬದಲು ಇಬ್ಬರು ಇರಲಿ, ಒಬ್ಬರು ಕೇಳಲಿ, ಒಬ್ಬರು ಹೇಳಲಿ. ಕೇಳುವವರು ವಿದ್ಯಾರ್ಥಿಯೇ ಆಗಿದ್ದರೆ ಇನ್ನೂ ಚೆನ್ನ. ವಿಷಯವೂ ನಮಗೆ ಹತ್ತಿರದ್ದಾಗಿರಲಿ. ಆಲಮಟ್ಟಿಯ ನೀರು, ಇಂಡಿಯ ಲಿಂಬೆ, ಆದಿಲ್‌ಶಾಹಿಗಳ ಕಾಲದ ಬಾವಡಿಗಳು, ಪಿಯುಸಿ ಆದ ಮೇಲೆ ಮುಂದೇನು – ಇವುಗಳ ಮೇಲೆ ನಮ್ಮಲ್ಲಿ ಪ್ರಶ್ನೆಗಳಿಗೆ ಬರವಿಲ್ಲ.

ಪ್ರಶ್ನೆ ಇದ್ದರೂ ಕೇಳುವ ಧೈರ್ಯ ಬರಬೇಕಲ್ಲ. ಇಂಗ್ಲಿಷ್‌ನಲ್ಲಿ ಕೇಳಬೇಕೇನೋ, ತಪ್ಪಾದರೆ ನಗುತ್ತಾರೇನೋ ಎಂದು ಬಾಯಿಗೆ ಬಂದದ್ದು ನುಂಗಿಕೊಳ್ಳುತ್ತೇವೆ. ಮನೆಯಲ್ಲಿ ದಖನಿ ಮಾತಾಡುವವಳು ದಖನಿಯಲ್ಲಿ ಕೇಳಲಿ, ನಮ್ಮ ಕಡೆಯ ಕನ್ನಡದವನು ಆ ಕನ್ನಡದಲ್ಲೇ ಕೇಳಲಿ ಎಂದು ಶುರುವಿನಲ್ಲೇ ಹೇಳಿಬಿಡಬೇಕು. ಮಾತಾಡಲು ಆಗದವರು ಒಂದು ದಿನ ಮೊದಲೇ ಪ್ರಶ್ನೆಯನ್ನು ಬರೆದೋ ಧ್ವನಿ ಸಂದೇಶದಲ್ಲೋ ಕಳಿಸಲಿ. ನಿರೂಪಕರು ಹೆಸರು ಹೇಳದೆ ಓದಲಿ. ಹೆಸರಿಲ್ಲದೆ ಹೋದ ಪ್ರಶ್ನೆಗೆ ಒಮ್ಮೆ "ಒಳ್ಳೆಯ ಪ್ರಶ್ನೆ" ಎಂಬ ಉತ್ತರ ಬಂದರೆ, ಮುಂದಿನ ಸಲ ಅವಳೇ ಹೆಸರು ಹೇಳಿ ಕೇಳುತ್ತಾಳೆ.

ದೊಡ್ಡ ಸಭೆಯೇ ಆಗಬೇಕೆಂದಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯೆಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಹೆಣ್ಣುಮಕ್ಕಳು ಬೀಸುವಾಗ ಹಾಡುವ ಹಾಡುಗಳನ್ನು ಸಂಗ್ರಹಿಸಿದರು. 'ಗರತಿಯ ಹಾಡು' ಹಾಗೆ ಹೊರಬಂದ ಸಂಕಲನ. ಪದವಿಗಿಂತ ಗೆಳೆತನದ ಬಲದ ಮೇಲೆ ನಿಂತ ಕೂಟ ಅದು. ಅವರು ತಮ್ಮ ಹಳ್ಳಿಯ ತಾಯಂದಿರ ದನಿಗೆ ಕಿವಿಗೊಟ್ಟದ್ದರಿಂದಲೇ ಕನ್ನಡಕ್ಕೆ ಅಷ್ಟು ದೊಡ್ಡ ಆಸ್ತಿ ಸಿಕ್ಕಿತು.

ಒಂದು ಫೋನು, ಆರು ಜನ

ಇನ್ನು ನನ್ನ ಮುಖ್ಯ ಸಲಹೆ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಿಂದಲೇ ಸೇರಬೇಕೆಂಬ ನಿಯಮ ಯಾಕೆ? ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಹಲವು ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿವೆ. ಅದಿಲ್ಲದ ಊರಿನಲ್ಲಿ ಶಾಲೆಯ ಒಂದು ಕೋಣೆ, ಇಲ್ಲವೇ ಓಣಿಯ ಒಬ್ಬ ಗೆಳತಿಯ ಮನೆ. ಐದಾರು ಜನ ಒಂದೇ ಪರದೆಯ ಮುಂದೆ, ಒಂದು ಸಣ್ಣ ಸ್ಪೀಕರ್ ಇಟ್ಟುಕೊಂಡು ಕೂಡಲಿ. ಆರು ಜನ ಕೂಡಿದರೆ ಡೇಟಾ ಆರರಲ್ಲಿ ಐದು ಪಾಲು ಉಳಿಯುತ್ತದೆ. ಮಗಳು ಯಾರ ಜೊತೆ ಕುಳಿತಿದ್ದಾಳೆ ಎಂದು ಮನೆಯವರಿಗೂ ಗೊತ್ತಿರುತ್ತದೆ. ಉಪನ್ಯಾಸ ಮುಗಿದ ಕೂಡಲೇ "ಏ, ಅವರು ಹೇಳಿದ್ದು ಖರೇನಾ?" ಎಂದು ಶುರುವಾಗುವ ಚರ್ಚೆಯೇ ನಿಜವಾದ ಸಂಕಿರಣ. ಒಬ್ಬೊಬ್ಬರೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಅದು ಹುಟ್ಟುವುದಿಲ್ಲ. ಇಂಥ ಗುಂಪಿಗೆ ಒಬ್ಬರೇ ಹಾಜರಿ ಹೇಳಿ ಎಲ್ಲರ ಹೆಸರು ಕಳಿಸಿದರೆ ಕಾಲೇಜು ಒಪ್ಪಿಕೊಳ್ಳಬೇಕು.

ಸೇರಲು ಆಗಲೇ ಇಲ್ಲದವರನ್ನೂ ಮರೆಯಬಾರದು. ಕರೆಂಟ್ ಹೋಗಿರುತ್ತದೆ, ಸಿಗ್ನಲ್ ಹೋಗಿರುತ್ತದೆ, ಮನೆಗೆ ಬೀಗರು ಬಂದಿರುತ್ತಾರೆ. ಉಪನ್ಯಾಸದ ಧ್ವನಿಯನ್ನಷ್ಟೇ, ಅದೂ ಕೇಳುಗರ ಮಾತು ತೆಗೆದುಹಾಕಿ, ಹತ್ತು ನಿಮಿಷದ ತುಣುಕುಗಳಾಗಿ ಗುಂಪಿಗೆ ಹಾಕಿದರೆ ರೊಟ್ಟಿ ಬಡಿಯುತ್ತಲೂ ಕೇಳಬಹುದು. ಜೊತೆಗೆ ಒಂದು ಪುಟದ ಸಾರಾಂಶ. ಅದನ್ನು ಬರೆಯುವ ಕೆಲಸ ವಿದ್ಯಾರ್ಥಿಗಳಿಗೇ ಕೊಡಿ. ನಮ್ಮ ಈ ಪತ್ರಿಕೆಯಲ್ಲೇ ಅದಕ್ಕೊಂದು ಅಂಕಣ ಇರಲಿ.

ಇ-ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು. ಫಾರ್ಮ್ ತುಂಬಿದ ಕೂಡಲೇ ಮಿಂಚಂಚೆಗೆ ಬಂದು ಬೀಳುವ ಪ್ರಮಾಣಪತ್ರಕ್ಕಾಗಿ ಕೊನೆಯ ಐದು ನಿಮಿಷಕ್ಕೆ ಒಳಗೆ ಬರುವವರಿದ್ದಾರೆ. ಹಾಗೆ ಬಂದವರ ಸಂಖ್ಯೆ ವರದಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಎಷ್ಟು ಜನ ಬಂದರು ಎಂಬುದಕ್ಕಿಂತ ಎಷ್ಟು ಪ್ರಶ್ನೆ ಬಂದವು, ಯಾವ ಯಾವ ಊರಿನಿಂದ ಬಂದವು, ಅದರಲ್ಲಿ ಹುಡುಗಿಯರದೆಷ್ಟು ಎಂದು ವರದಿಯಲ್ಲಿ ಬರೆಯೋಣ. ಆಗ ನಾವು ಯಾರನ್ನು ಮುಟ್ಟಿದೆವು, ಯಾರನ್ನು ಬಿಟ್ಟೆವು ಎಂಬುದು ನಮಗೇ ತಿಳಿಯುತ್ತದೆ.

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಅನುಭವ ಮಂಟಪದ ಬಗ್ಗೆ ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಬಡಿಗ, ಮಡಿವಾಳ, ಅಂಬಿಗ ಎಲ್ಲರೂ, ಹೆಣ್ಣುಮಕ್ಕಳೂ, ಅಲ್ಲಿ ಕೂತು ಮಾತಾಡಿದರು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಅದೇ ನೆಲದಲ್ಲಿ ಓದುವ ನಮ್ಮ ಸಭೆಗಳಲ್ಲಿ ಒಳ್ಳೆಯ ನೆಟ್‌ವರ್ಕ್ ಇದ್ದವರು ಮಾತ್ರ ಮಾತಾಡುವಂತಾದರೆ ಓದಿದ್ದಕ್ಕೆ ಅರ್ಥವೇನು?

ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕ ವೃಂದದಲ್ಲಿ ನನ್ನ ವಿನಂತಿ ಇಷ್ಟು. ಸರಣಿಯ ಮೊದಲ ಸಂಕಿರಣವನ್ನು ಈ ರೀತಿ ಒಮ್ಮೆ ನಡೆಸಿ ನೋಡಿ: ನಲವತ್ತು ನಿಮಿಷ, ಕ್ಯಾಮೆರಾ ಅವರವರ ಇಷ್ಟ, ಪ್ರಶ್ನೆ ಯಾವ ಭಾಷೆಯಲ್ಲಾದರೂ, ನಾಲ್ಕು ತಾಲ್ಲೂಕಿನಲ್ಲಿ ತಲಾ ಒಂದು ಕೂಡುವ ಸ್ಥಳ, ಮರುದಿನ ಧ್ವನಿಮುದ್ರಿಕೆ. ಗೆಳೆಯರೇ, ಗೆಳತಿಯರೇ, ಸಿಂದಗಿ ಕಡೆಯ ಕೂಡುವ ಸ್ಥಳವನ್ನು ನೋಡಿಕೊಳ್ಳಲು ನಾನು ಸಿದ್ಧಳಿದ್ದೇನೆ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯವರು ಯಾರು ಬರುತ್ತೀರಿ? ಈ ವಾರವೇ ಗ್ರಂಥಾಲಯದ ಸೂಚನಾ ಫಲಕದ ಹತ್ತಿರ ಒಂದು ಹಾಳೆ ಅಂಟಿಸುತ್ತೇನೆ. ಹೆಸರು ಬರೆಯಿರಿ, ಹೆಸರಿನ ಪಕ್ಕದಲ್ಲಿ ನೀವು ಕೇಳಬೇಕೆಂದಿರುವ ಒಂದು ಪ್ರಶ್ನೆಯನ್ನೂ ಬರೆಯಿರಿ.